ಕರೆಂಟ್ ತೆಗೆದ ಮಧ್ಯಾಹ್ನ

ಕೊಲ್ಲಿ ದೇಶದಲ್ಲಿ, ಹವಲ್ಲಿಯ ಹಳೆಯ ಕಟ್ಟಡವೊಂದರಲ್ಲಿ ನಾವಿದ್ದದ್ದು ಅರ್ಧ ಮನೆಯಲ್ಲಿ. ಹಾಲಿನ ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ, ಮಾಲೀಕನ ಕಡೆಯವನು ಒಂದು ಮನೆಯನ್ನು ಎರಡು ಮಾಡಿದ್ದ. ಹಲಗೆಯ ಈಚೆ ಬಾಗಲಕೋಟೆ ಕಡೆಯಿಂದ ಬಂದ ನಾನು, ನನ್ನ ಗಂಡ. ಆಚೆ ಉಡುಪಿ ಕಡೆಯ ದಂಪತಿ ಮತ್ತು ಅವರ ಎಳೆಗೂಸು. ನನ್ನ ಗಂಡ ಸುಲೈಬಿಯಾದ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಆಚೆಯವಳ ಗಂಡ ಹೋಟೆಲಿನಲ್ಲಿ ಅಡುಗೆ ಕೆಲಸಕ್ಕಿದ್ದ. ನಾನು ಒಗ್ಗರಣೆ ಹಾಕಿದರೆ ಹಲಗೆಯ ಆಚೆ ಅವಳು ಸೀನುತ್ತಿದ್ದಳು.

ಆ ಬೇಸಿಗೆಯಲ್ಲಿ ಹೀಗೆ ಒಡೆದು ಮಾಡಿದ ಮನೆಗಳ ಸರ್ಕಾರಿ ತಪಾಸಣೆ ಶುರುವಾಯಿತು. ನಮ್ಮಲ್ಲಿಗೆ ಬಂದಾಗ ಗಂಡಸರಿಬ್ಬರೂ ಕೆಲಸದಲ್ಲಿದ್ದರು. ಬಂದವರು ಹಲಗೆಯನ್ನು ತಟ್ಟಿ ನೋಡಿ, ಫೋಟೋ ತೆಗೆದುಕೊಂಡು, ನಮ್ಮಿಬ್ಬರ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ನೋಡಿ ಹೋದರು. ಗಟ್ಟಿಯಾಗಿ ಒಂದು ಮಾತೂ ಆಡಲಿಲ್ಲ. ಅವರು ಮೆಟ್ಟಿಲಿಳಿದ ಸ್ವಲ್ಪ ಹೊತ್ತಿಗೆ ಏಸಿ ನಿಂತಿತು. ಕಾವಲುಗಾರ ಬಾಗಿಲಿಗೆ ಬಂದು, "ಖಲಾಸ್. ಕರೆಂಟ್ ವಾಪಸ್ ನಹೀ ಆಯೇಗಾ. ಘರ್ ಖಾಲಿ ಕರೋ," ಎಂದ.

ಗಂಡಂದಿರಿಗೆ ಫೋನ್ ಮಾಡಿದೆವು, ಯಾರೂ ಎತ್ತಲಿಲ್ಲ. ಗೋಡೆಗಳು ಕಾದು ಮನೆ ಒಲೆಯಂತಾಯಿತು. ಬಟ್ಟೆ ಒದ್ದೆ ಮಾಡಿ ಮಗುವಿನ ಮೈ ಒರೆಸೋಣವೆಂದರೆ, ಮಾಳಿಗೆಯ ಟ್ಯಾಂಕಿನ ನೀರು ಕೈ ಸುಡುತ್ತಿತ್ತು. ಮೊದಲು ಚೀರುತ್ತಿದ್ದ ಮಗು ಆಮೇಲೆ ಸುಮ್ಮನಾಯಿತು. ನನಗೆ ಹೆದರಿಕೆ ಹತ್ತಿದ್ದು ಆಗಲೇ.

"ಅಕ್ಕ, ಇವಳು ಹಾಲು ಕುಡಿತಾ ಇಲ್ಲ. ಕಣ್ಣೂ ಬಿಡ್ತಾ ಇಲ್ಲ. ಎಂತ ಮಾಡುವುದು?"

"ಏಳ ತಂಗಿ. ಇಲ್ಲಿ ಬ್ಯಾಡ. ಎಲ್ಲ್ಯಾರ ತಂಪಿರೂ ಕಡೆ ಹೋಗೂಣು."

ಪಕ್ಕದ ಹೊಸ ಕಟ್ಟಡದ ಲಾಬಿಯಲ್ಲಿ ಏಸಿ ಇತ್ತು, ಸೋಫಾ ಇತ್ತು. ಹೋಗಿ ಕೂತೆವು. ಲಿಫ್ಟಿನಿಂದ ಇಳಿದ ಹೆಂಗಸೊಬ್ಬಳು ನಮ್ಮನ್ನು ನೋಡಿದಳು, ನನ್ನ ನೈಟಿ ನೋಡಿದಳು. ಮಗುವಿನತ್ತ ನೋಡಲಿಲ್ಲ. ಇಂಗ್ಲಿಷಿನಲ್ಲಿ ಅಲ್ಲಿನ ಕಾವಲುಗಾರನಿಗೆ, "ಇವರು ಒಂದೊಂದು ಕೋಣೆಯಲ್ಲಿ ಹಿಂಡುಹಿಂಡಾಗಿ ಸೇರಿಕೊಂಡು ಊರು ಕೆಡಿಸಿದ್ದಾರೆ. ಇಲ್ಲಿಗೂ ಬಿಡ್ತೀಯಾ?" ಎಂದಳು. ನನಗೆ ಇಂಗ್ಲಿಷ್ ಅರ್ಥವಾಗುತ್ತದೆಂದು ಅವಳಿಗೆ ತೋಚಿರಲಿಕ್ಕಿಲ್ಲ. "ಮೇಡಂ, ಬೇಬಿ ಸಿಕ್," ಎಂದೆ. ಅವಳು ಕಾರಿನ ಕೀ ಹುಡುಕುತ್ತಾ ಹೊರಗೆ ಹೋದಳು. ಕಾವಲುಗಾರ ನೆಲ ನೋಡುತ್ತಾ, "ಯಲ್ಲಾ, ಸಿಸ್ಟರ್," ಎಂದು ಬಾಗಿಲ ಕಡೆ ಕೈ ತೋರಿಸಿದ.

ರಸ್ತೆಯಲ್ಲಿ ಬಸ್ಸೊಂದು ನಿಂತಿತ್ತು. ಎಲ್ಲಿಗೆ ಹೋಗುತ್ತದೆಂದೂ ನೋಡದೆ ಹತ್ತಿದೆವು. ಒಳಗೆ ತಣ್ಣಗಿತ್ತು. ಅವಳು ಸೆರಗು ಮರೆಮಾಡಿ ಹಾಲೂಡಿಸಲು ನೋಡಿದಳು. ಮಗು ಬಾಯಿ ತೆರೆಯಲಿಲ್ಲ.

"ದವಾಖಾನಿಗೆ ಹೋಗೂಣು," ಎಂದೆ.

"ಬೇಡ ಅಕ್ಕ. ಇವಳ ಇಕಾಮಾ ಇನ್ನೂ ಆಗಲಿಲ್ಲ. ಕೇಳಿದ್ರೆ ಎಂತ ಹೇಳುವುದು? ನಮ್ಮನ್ನೇ ಕಳಿಸಿಬಿಟ್ರೆ?"

"ಕಳಿಸಿದ್ರ ಕಳಿಸಲಿ. ಕೂಸು ಮದ್ಲ, ಇಕಾಮಾ ಆಮ್ಯಾಲ."

ಅವಳು ಕಿಟಕಿಯ ಕಡೆ ತಿರುಗಿ ಅಳತೊಡಗಿದಳು. ಅಷ್ಟರಲ್ಲಿ ಕೊನೆಯ ಸ್ಟಾಪು ಬಂತು. ಡ್ರೈವರ್ ಬಂಗಾಳಿ, ಎಲ್ಲರೂ ಇಳಿದ ಮೇಲೆ ನಮ್ಮ ಹತ್ತಿರ ಬಂದ. ನಾನು ನನ್ನ ಹರಕು ಹಿಂದಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. "ಬೈಠೋ ದೀದಿ. ಇಂಜಿನ್ ಬಂದ್ ನಹೀ ಕರೂಂಗಾ," ಎಂದು ತನ್ನ ತಣ್ಣೀರಿನ ಬಾಟಲಿ ಕೊಟ್ಟ. ನನ್ನ ವೇಲಿನ ತುದಿ ಅದ್ದಿ ಮಗುವಿನ ಹಣೆ, ಕತ್ತು, ಪಾದ ಒರೆಸುತ್ತಲೇ ಇದ್ದೆ. ವಾಪಸು ಹೊರಟ ಬಸ್ಸು ಅರ್ಧ ದಾರಿ ಬಂದಿರಬೇಕು, ಮಗು ಮುಖ ಕಿವುಚಿ, ತಾಯಿಯ ಎದೆಗೆ ಬಾಯಿ ಹಾಕಿತು. ಗಟಗಟ ಕುಡಿಯುವ ಸದ್ದು ನನಗೆ ಕೇಳಿಸಿತು. ಅವಳು ನನ್ನ ಮಣಿಕಟ್ಟನ್ನು ಉಗುರು ನೆಡುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಸಂಜೆ ಗಂಡಸರು ಫೋನಿಗೆ ಸಿಗುವವರೆಗೂ ನಾವು ಆ ಬಸ್ಸಿನಿಂದ ಇಳಿಯಲಿಲ್ಲ.

ಆಮೇಲೆ ಮನೆ ಹುಡುಕಾಟ. ಫೋನಿನಲ್ಲಿ ನಯವಾಗಿ ಮಾತಾಡುತ್ತಿದ್ದವರು ನಾವು ಯಾವ ದೇಶದವರೆಂದು ಹೇಳಿದ ಕೂಡಲೇ "ಸಾರಿ" ಎನ್ನುತ್ತಿದ್ದರು. ಕೊನೆಗೆ ನಮಗೆ ಬ್ನೇದ್ ಅಲ್ ಗಾರ್‌ನಲ್ಲಿ ಪರಿಚಯದವರ ಮನೆಯ ಒಂದು ಕೋಣೆ ಸಿಕ್ಕಿತು. ಅವಳ ಗಂಡ ಹೋಟೆಲಿನ ಹುಡುಗರ ರೂಮು ಸೇರಿದ. ಅವಳು ಮಗುವನ್ನೆತ್ತಿಕೊಂಡು ಮಂಗಳೂರಿನ ವಿಮಾನ ಹತ್ತಿದಳು.

ಮೊನ್ನೆ ಫೋನ್ ಮಾಡಿದ್ದಳು. ಮಗು ಈಗ ಓಡಾಡುತ್ತದಂತೆ.

"ಮತ್ತ ಯಾವಾಗ ಬರ್ತೀ?" ಎಂದು ಕೇಳಿದೆ.

"ಇವರು ಕರೀತಾ ಇದ್ದಾರೆ ಅಕ್ಕ," ಎಂದಳು. "ನಾನು ಇನ್ನೂ ಹೂಂ ಹೇಳಲಿಲ್ಲ."