ಹೊಳೆಯ ಪಾತ್ರದಲ್ಲಿ ಐದು ಸುಣ್ಣದ ಕಲ್ಲು

ಸುಣ್ಣ ಕಲಸುವುದಕ್ಕೆ ಒಂದು ಹದವಿದೆ. ನಾನು ಸೇವೆಯುದ್ದಕ್ಕೂ ಡ್ರಿಲ್ ಮಾಸ್ತರನಾಗಿ ಖೋ-ಖೋ, ಕಬಡ್ಡಿ ಅಂಕಣಗಳಿಗೆ ಗೆರೆ ಎಳೆದವನು. ಸುಣ್ಣ ತೆಳ್ಳಗಾದರೆ ಗೆರೆ ಹರಡುತ್ತದೆ. ಗೆರೆ ಹರಡಿದರೆ ಜಗಳ ಹುಟ್ಟುತ್ತದೆ. ಬಾಲ್ಯದಲ್ಲಿ ಮಠದ ಬೋರ್ಡಿಂಗಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಉಂಡು ಬೆಳೆದವನಾದ್ದರಿಂದ ಇಂಥ ನಿಯಮಗಳು ನನಗೆ ಭಾರವೆನಿಸಿದ್ದಿಲ್ಲ. ನಿವೃತ್ತನಾಗಿ ಬೈಲಹೊಂಗಲದಲ್ಲಿ ಮನೆ ಹಿಡಿದ ಮೇಲೂ ನಸುಕಿಗೆ ಏಳುತ್ತೇನೆ, ಸ್ನಾನ ಮಾಡಿ ಲಿಂಗಪೂಜೆ ಮುಗಿಸುತ್ತೇನೆ, ಇಸ್ತ್ರಿ ಮಾಡಿದ ಅಂಗಿಯನ್ನೇ ತೊಡುತ್ತೇನೆ. ಸೀಟಿ ಇನ್ನೂ ಜೇಬಿನಲ್ಲಿದೆ. ಊದುವುದಿಲ್ಲ, ಇದ್ದರೆ ಸಮಾಧಾನ.

ಮೊಮ್ಮಗಳು ನನಗೆ ಪೂರ್ತಿ ಎದುರು. ನನ್ನ ಮಗಳ ಮಗಳು, ಧಾರವಾಡದಲ್ಲಿ ಭೂವಿಜ್ಞಾನ ಓದುತ್ತಾಳೆ. ಅವಳ ಚೀಲದಲ್ಲಿ ಚಾರ್ಜರಿನ ವೈರು, ಬಾಚಣಿಗೆ, ಅರ್ಧ ತಿಂದ ಚಿಕ್ಕಿ, ಹೊಳೆಯ ಕಲ್ಲು ಎಲ್ಲ ಒಂದೇ ಗಂಟಿನಲ್ಲಿರುತ್ತವೆ. ಒಂದು ಸಂಜೆ ಅವಳು ಕಂಪ್ಯೂಟರಿನಲ್ಲಿ ಮಲಪ್ರಭೆಯ ಚಿತ್ರ ತೋರಿಸಿದಳು. ಉಪಗ್ರಹ ತೆಗೆದದ್ದು. ಹೊಳೆ ಅದರಲ್ಲಿ ಉಗುರಿನ ಗೀರಿನಷ್ಟಿತ್ತು.

"ಇದರಾಗ ಹೊಳಿ ಕಾಣತದ, ಕಲ್ಲು ಕಾಣಂಗಿಲ್ಲ ಅಜ್ಜಾ" ಎಂದಳು. "ನನಗ ಕಲ್ಲು ಬೇಕು. ಎಲ್ಲಿ ಮರಳು, ಎಲ್ಲಿ ಗರಸು, ಎಲ್ಲಿ ಮುಷ್ಟಿಯಷ್ಟು ಗುಂಡು, ಎಲ್ಲಾ ಒಂದು ನಕ್ಷೆದಾಗ ಬರಬೇಕು."

"ಹೊಳ್ಯಾಗ ಇಳದು ನೋಡಿದ್ರ ಆತಲ್ಲ?"

"ಎಷ್ಟು ಕಲ್ಲು ಅಂತ ಎತ್ತಿ ಎತ್ತಿ ಅಳೀಲಿ? ಮ್ಯಾಗಿಂದ ಫೋಟೋ ತಗದು ಅಳೀತೇನಿ."

ಅವಳ ವಿವರಣೆ ನನಗೆ ತಿಳಿದದ್ದು ಇಷ್ಟು. ಡ್ರೋನ್ ಕೆಳಮಟ್ಟದಲ್ಲಿ ಹಾರಿ ಪಾತ್ರದ ಚಿತ್ರಗಳನ್ನು ಸಾಲಾಗಿ ತೆಗೆಯುತ್ತದೆ. ಮರಳಿದ್ದಲ್ಲಿ ಚಿತ್ರ ನುಣುಪಾಗಿ ಬರುತ್ತದೆ, ಕಲ್ಲು ದೊಡ್ಡದಾದಷ್ಟೂ ಒರಟಾಗುತ್ತದೆ. ಆ ಒರಟುತನವನ್ನು ಕಂಪ್ಯೂಟರ್ ಅಳೆದು ಕಲ್ಲಿನ ಗಾತ್ರ ಹೇಳುತ್ತದೆ. ಆದರೆ ಚಿತ್ರಗಳು ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಕೂಡಬೇಕಾದರೆ ನೆಲದ ಮೇಲೆ ಗುರುತುಗಳಿರಬೇಕು. ಮೇಲಿಂದ ಎದ್ದು ಕಾಣಬೇಕು, ಅವುಗಳ ಜಾಗವನ್ನು ಉಪಕರಣ ಇಟ್ಟು ಮೊದಲೇ ಅಳೆದಿರಬೇಕು.

ಈ ಕೆಲಸಕ್ಕೆ ಅವಳು ಆರಿಸಿಕೊಂಡದ್ದು ಮನೋಳಿ. ಅಲ್ಲಿ ನನ್ನ ಅಕ್ಕ ಇದ್ದಾಳೆ, ಮೊಮ್ಮಗಳಿಗೆ ಆಯಿ. ಭಾವ ತೀರಿಕೊಂಡ ಮೇಲೆ ಮಗ ಸೊಸೆಯೊಡನೆ ಅವಳ ಸಂಸಾರ, ಹೊಳೆ ದಂಡೆಗೇ ಅವರ ಹೊಲ. ಆಣೆಕಟ್ಟಿನ ಕೆಳಗಾದ್ದರಿಂದ ನೀರು ಬಿಡದ ದಿನಗಳಲ್ಲಿ ಪಾತ್ರ ಒಣಗಿ ಬಿದ್ದಿರುತ್ತದೆ. ನಾನೂ ಜೊತೆಗೆ ಹೊರಟೆ. ಮೊಮ್ಮಗಳು ಗುರುತಿಗೆಂದು ಬಟ್ಟೆಯ ಚೌಕಗಳನ್ನು ತಂದಿದ್ದಳು. ಹೊಳೆಯ ಗಾಳಿಗೆ ಅವು ಒಂದೊಂದಾಗಿ ಎದ್ದು ಓಡಿದವು. ಕಲ್ಲಿಗೆ ಸುಣ್ಣ ಹಚ್ಚೋಣ ಎಂದು ಸೂಚಿಸಿದವನು ನಾನೇ.

ಸುಣ್ಣ ಕೇಳಲು ಮನೆಗೆ ಹೋದಾಗ ಅಕ್ಕ ಹಿತ್ತಲಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. "ಸುಣ್ಣ ಬೇಕಾಗಿತ್ತು ಅಕ್ಕಾ. ಹೊಳಿ ಕಡೆ ಐದು ಕಲ್ಲಿಗೆ ಹಚ್ಚೂದೈತಿ" ಎಂದೆ. ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. ಏನೂ ಕೇಳಲಿಲ್ಲ. ಒಳಗೆ ಹೋಗಿ ಒಂದಲ್ಲ ಎರಡು ಡಬ್ಬಿ ತಂದುಕೊಟ್ಟಳು. ಅವಳಿಗೆ ಸೊಂಟನೋವು. ಆದರೂ ಅಂದು ಬೇಗ ಬೇಗ ನಡೆದಳು. ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಪಾತ್ರದಲ್ಲಿ ಮೊಮ್ಮಗಳೇ ಸುಣ್ಣ ಕಲಸಿದಳು. ಮಜ್ಜಿಗೆಯಂತೆ ಮಾಡಿಬಿಟ್ಟಳು.

"ಇದೇನು ಕಲಸೂ ರೀತಿ? ಗಟ್ಟಿ ಇರಬೇಕು. ನೋಡು, ಎಲ್ಲಾ ಇಳದು ನೆಲಕ್ಕ ಹೊಂಟೈತಿ."

"ಅಜ್ಜಾ, ಇದು ಕಬಡ್ಡಿ ಅಲ್ಲ. ಮ್ಯಾಲ ಬೆಳ್ಳಗಾದ್ರ ಸಾಕು."

ಐದು ಚಪ್ಪಟೆ ಕಲ್ಲು ಆರಿಸಿ, ಪಾತ್ರದ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಇಟ್ಟೆವು. ಧಾರವಾಡದಿಂದ ಬಂದಿದ್ದ ಅವಳ ಗೆಳತಿ ಪ್ರತಿ ಕಲ್ಲಿನ ಮೇಲೆ ಉಪಕರಣ ಇಟ್ಟು ಜಾಗ ಅಳೆದುಕೊಂಡಳು. ಸಂಜೆಯ ಬಸ್ಸಿಗೆ ಆ ಉಪಕರಣ ಗೆಳತಿಯೊಡನೆ ವಾಪಸು ಹೋಯಿತು. ಡ್ರೋನ್ ಮಾತ್ರ ನಮ್ಮಲ್ಲಿ ಉಳಿಯಿತು. ಇಳಿಹೊತ್ತಿನಲ್ಲಿ ನೆರಳು ಉದ್ದವಾಗಿ ಸಣ್ಣ ಕಲ್ಲೂ ದೊಡ್ಡದಾಗಿ ಕಾಣುತ್ತದೆ, ಆದ್ದರಿಂದ ಮರುದಿನ ಹೊತ್ತೇರಿದ ಮೇಲೆ ಹಾರಿಸುವುದೆಂದು ನಿರ್ಧಾರ. ಅಷ್ಟರಲ್ಲಿ ಮೈಕು ಕಟ್ಟಿದ ಗಾಡಿ ಕೂಗುತ್ತ ಬಂತು. ರಾಮದುರ್ಗದ ಕಡೆಗೆ ಕುಡಿಯುವ ನೀರಿಗಾಗಿ ನಾಳೆ ಮಧ್ಯಾಹ್ನ ಹೊಳೆಗೆ ನೀರು ಬಿಡುತ್ತಾರೆ, ಯಾರೂ ಪಾತ್ರಕ್ಕೆ ಇಳಿಯಬಾರದು ಎಂದು. ಮೊಮ್ಮಗಳ ಮುಖ ಸಣ್ಣಗಾಯಿತು. ನಾಳೆ ತಪ್ಪಿದರೆ ಅವಳ ವರ್ಷದ ಕೆಲಸ ತಪ್ಪಿದಂತೆ. ನೀರು ಬಂದರೆ ಈ ಕಲ್ಲುಗಳು ಕಾಣುವುದೂ ಇಲ್ಲ, ಇದ್ದಲ್ಲಿ ಇರುವುದೂ ಇಲ್ಲ.

"ಮಧ್ಯಾಹ್ನ ಅಂದಾರ, ಮುಂಜಾನೆ ಅಂದಿಲ್ಲ. ಊಟ ಮಾಡಿ ಮಲ್ಕೊ" ಎಂದೆ.

ಮರುದಿನ ನಾವು ಡ್ರೋನಿನ ಪೆಟ್ಟಿಗೆ ಹಿಡಿದು ದಂಡೆಗೆ ಬಂದು ನೋಡಿದರೆ ಪಾತ್ರದಲ್ಲಿ ಒಂದು ಬಿಳಿ ಗುರುತೂ ಇರಲಿಲ್ಲ.

ಅಕ್ಕನ ಹೊಲದ ಬನ್ನಿಗಿಡದ ಕೆಳಗೆ ಐದೂ ಕಲ್ಲುಗಳು ಒತ್ತೊತ್ತಾಗಿ ಸಾಲು ಕೂತಿದ್ದವು. ಪ್ರತಿಯೊಂದರ ನೆತ್ತಿಗೆ ವಿಭೂತಿ, ನಡುವೆ ಕುಂಕುಮ, ಮೇಲೆ ಚೆಂಡುಹೂ. ಹಿಂದೆ ಸುಣ್ಣವಿಲ್ಲದ ಒಂದು ಸಣ್ಣ ಗುಂಡುಕಲ್ಲು, ಅರಿಸಿನ ಮಾತ್ರ ಹಚ್ಚಿದ್ದು. ಅಕ್ಕ ಬೆವರಿದ ಮುಖವನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಕೂತಿದ್ದಳು.

ಆಗ ನನಗೆ ಹೊಳೆಯಿತು. ಅಂದು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಅಂದು ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸುತ್ತಾರೆ, ಹಿಂದೊಂದು ಕಲ್ಲಿಟ್ಟು ಕರ್ಣನೆನ್ನುತ್ತಾರೆ, ಆಮೇಲೆ ಬೆಳೆಗೆ ಅಡುಗೆಯ ಎಡೆಯನ್ನು ಚರಗವೆಂದು ಚೆಲ್ಲಿ ಉಣ್ಣುತ್ತಾರೆ. ಗಡಿಯಾರದ ಮುಳ್ಳಿನ ಮೇಲೆ ಬದುಕಿದ ನಾನು ತಿಥಿಯನ್ನೇ ಮರೆತು ಅಮಾವಾಸ್ಯೆಯ ಹಿಂದಿನ ದಿನ ಸುಣ್ಣ ಕೇಳಲು ಹೋಗಿದ್ದೆ!

"ಬಾರಪಾ ಡ್ರಿಲ್ ಮಾಸ್ತರ" ಎಂದಳು ಅಕ್ಕ. "ಸುಣ್ಣ ಹಚ್ಚಿದಿ, ಛಲೋ ಆತು. ಆದ್ರ ಅಣ್ಣತಮ್ಮರನ್ನ ಒಬ್ಬೊಬ್ಬರನ್ನ ಒಂದೊಂದು ದಿಕ್ಕಿಗೆ ಒಗದು ಹೋಗೀಯಲ್ಲೋ? ಸಾಲ್ಯಾಗ ಹುಡುಗೂರನ್ನ ಹಿಂಗ ನಿಂದರಸ್ತಿದ್ದೇನು? ಒಬ್ಬೊಬ್ಬನ್ನ ಉಡ್ಯಾಗ ಹಾಕ್ಕೊಂಡು ತಂದೇನಿ. ಭೀಮನ್ನ ತರೂದರಾಗ ಸೊಂಟ ಹೋತು ನೋಡು."

ಮೊಮ್ಮಗಳು ಬಾಯಿ ತೆರೆದಳು. ಅಕ್ಕ ಮಾತು ಮುಂದುವರಿಸಿದಳು, ದನಿ ಇಳಿದಿತ್ತು.

"ಅವರು ಇದ್ದಾಗ ಅವರ ಹಚ್ಚತಿದ್ರು. ಅವರು ಹೋದಮ್ಯಾಲೆ ಸುಣ್ಣ ಹಚ್ಚಾವ್ರ ಇದ್ದಿಲ್ಲ. ಮಗ ಬರೇ ಕಲ್ಲು ಇಟ್ಟು ಕೈ ಮುಗೀತಾನ. ಈ ಸಲ ನೀ ನೆನಪ ಇಟ್ಟು ಬಂದಿ ತಮ್ಮಾ. ನಿನ್ನಿ ನೀ ಸುಣ್ಣ ಕೇಳಿದಾಗ ನನಗ ಮಾತ ಬರಲಿಲ್ಲ."

ಮೊಮ್ಮಗಳು ತೆರೆದ ಬಾಯಿ ಮುಚ್ಚಿದಳು. ಡ್ರೋನಿನ ಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ನನ್ನ ಕಿವಿಯ ಹತ್ತಿರ ಬಂದು "ಇರಲಿ ಬಿಡು ಅಜ್ಜಾ. ಆಯಿಗೆ ಹೇಳಬ್ಯಾಡ" ಎಂದಳು. ಕಣ್ಣು ತುಂಬಿದ್ದವು. ಹೊಳೆಯ ಕಡೆ ತಿರುಗಿ ನಿಂತಳು.

ಅಕ್ಕನಿಗೆ ವಯಸ್ಸಾಗಿದೆ, ಕಣ್ಣು ಚುರುಕು. "ಯಾಕವಾ, ಅಮಾಸಿ ದಿನ ಮಾರಿ ಯಾಕ ಸಣ್ಣ ಮಾಡಿ? ಅಜ್ಜ ಬೈದನೇನು?"

ಹೇಳಿದರೆ ಅಕ್ಕನಿಗೆ ನೋವು. ಸುಮ್ಮನಿದ್ದರೆ ಮಗುವಿನ ನಕ್ಷೆ ಹೊಳೆಯಲ್ಲಿ ಹೋಗುತ್ತದೆ. ನಾನು ಅಕ್ಕನ ಪಕ್ಕ ನೆಲದ ಮೇಲೆ ಕೂತೆ. ಇಸ್ತ್ರಿಯ ಪ್ಯಾಂಟಿನಲ್ಲಿ ಎರೆಮಣ್ಣಿನ ಮೇಲೆ ನಾನು ಕೂತದ್ದು ನೋಡಿಯೇ ಅವಳು ಗಂಭೀರಳಾದಳು.

"ಅಕ್ಕಾ, ಆ ಸುಣ್ಣ ನಾ ನಿನಗಂತ ಹಚ್ಚಿದ್ದಲ್ಲ. ಹುಡುಗಿ ಓದಿಗೆ ಹಚ್ಚಿದ್ದು. ಅವು ಇಟ್ಟಲ್ಲೇ ಇರಬೇಕಾಗಿತ್ತು. ನೀರು ಬರೂದರೊಳಗ ಮ್ಯಾಗಿಂದ ಫೋಟೋ ಆಗಬೇಕು."

ಅವಳು ಒಂದು ಕಲ್ಲಿನ ಮೇಲೆ ಜಾರಿದ್ದ ಹೂವನ್ನು ಸರಿಪಡಿಸಿದಳು.

"ಹೌದೇನು" ಎಂದಳು. ಮತ್ತೆ ಹೂವನ್ನು ಎತ್ತಿ ಕೆಳಗಿಟ್ಟಳು. "ಹಂಗಾರ ಕುಂತ್ಯಾಕ? ಏಳು. ಪಾಂಡವರಿಗೆ ವನವಾಸ ಏನ್ ಹೊಸಾದು? ಹೋಗಿ ಬರಲಿ."

"ಆಯಿ, ಅಷ್ಟು ಸರಳ ಇಲ್ಲ" ಎಂದಳು ಮೊಮ್ಮಗಳು, ಕಣ್ಣೊರೆಸಿಕೊಂಡು. "ಇದ್ದ ಜಾಗಕ್ಕ ಕರೆಕ್ಟ್ ಇಡಬೇಕು. ಒಂದು ಬೆರಳು ಆಕಡೆ ಈಕಡೆ ಆದ್ರೂ ನಕ್ಷೆ ತಪ್ಪತದ. ಅಳಿಯೂ ಮಷೀನ ನಿನ್ನಿನ ಹೋತು."

"ಮೊದಲ ಇಳದು ನೋಡು" ಎಂದೆ. ಬೇರೆ ಉಪಾಯ ನನಗೂ ತಿಳಿದಿರಲಿಲ್ಲ.

ಅವಳು ಪಾತ್ರಕ್ಕೆ ಓಡಿದಳು. ಮೂಲೆಯಲ್ಲಿ ಬಗ್ಗಿ ನೋಡಿ ಅಲ್ಲಿಂದಲೇ ಕೂಗಿದಳು. "ಅಜ್ಜಾ! ಉಂಗರ ಅದ! ಸುಣ್ಣದ ಉಂಗರ!"

ಮಜ್ಜಿಗೆಯಂಥ ಅವಳ ಸುಣ್ಣ ಕಲ್ಲಿನ ಸುತ್ತ ಇಳಿದು ಗರಸಿನ ಮೇಲೆ ಒಣಗಿತ್ತು. ಕಲ್ಲು ಕೂತಿದ್ದ ಅಚ್ಚು ನಡುವೆ ಖಾಲಿ ಬಿದ್ದಿತ್ತು, ಅಂಚು ಬೆಳ್ಳಗೆ ಎದ್ದು ಕಾಣುತ್ತಿತ್ತು. ನಾನು ಹೇಳಿದ ಹದದಲ್ಲಿ ಕಲಸಿದ್ದರೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ಯಾವ ಕಲ್ಲು ಎಲ್ಲಿಯದೆಂದು ಅಕ್ಕನೇ ಹೇಳಿದಳು. ಸೊಂಟ ನೋಯಿಸಿಕೊಂಡು ಹೊತ್ತವಳಿಗೆ ಮರೆಯುವುದುಂಟೆ? "ಧರ್ಮರಾಜ ಆ ಜಾಲಿ ಕಡೆ. ಭೀಮ ಆಚಿ ದಂಡಿಗೆ, ಅದಕ್ಕ ಇಷ್ಟು ಸಿಟ್ಟು ನನಗ." ನಾನು ಹೊತ್ತೆ, ಮೊಮ್ಮಗಳು ಕಲ್ಲನ್ನು ತಿರುಗಿಸಿ ತಿರುಗಿಸಿ ಉಂಗುರದೊಳಗೆ ಕೂರಿಸಿದಳು. ಹೂ ತೆಗೆದೆವು. ಕುಂಕುಮ ಒರೆಸಲು ಹೋದವಳ ಕೈಯನ್ನು ಅಕ್ಕ ತಡೆದಳು. "ಅದು ಇರಲಿ. ಬರೇ ಹಣೀಲೆ ಕಳಸಬಾರದು." ಹಿಂದಿದ್ದ ಸಣ್ಣ ಕಲ್ಲನ್ನು ತಾನೇ ತಂದು ಪಾತ್ರದ ನಡುವಿನ ಕಲ್ಲಿನ ಬದಿಗಿಟ್ಟಳು. "ಇವನೊಬ್ಬನ ಯಾಕ ದಂಡಿಮ್ಯಾಲೆ?"

ಡ್ರೋನ್ ಮೇಲೆದ್ದಾಗ ಅಕ್ಕ ಸೆರಗನ್ನು ತಲೆ ತುಂಬ ಎಳೆದುಕೊಂಡು ಬನ್ನಿಗಿಡದ ಬುಡಕ್ಕೆ ಸರಿದಳು. "ಜೇನುಹುಳದ ಅಪ್ಪ ಐತಿ ಇದು" ಎಂದಳು. ಅದು ಪಾತ್ರದ ಮೇಲೆ ಸಾಲು ಹಿಡಿದು ಹೋಗಿ, ತಿರುಗಿ, ಪಕ್ಕದ ಸಾಲು ಹಿಡಿದು ಬಂತು. ಅಷ್ಟು ಶಿಸ್ತಿನ ಕವಾಯತನ್ನು ನನ್ನ ಯಾವ ತಂಡವೂ ಮಾಡಿರಲಿಲ್ಲ. ಇಳಿದ ಕೂಡಲೇ ಕಲ್ಲುಗಳನ್ನು ಮತ್ತೆ ಬನ್ನಿಯ ಕೆಳಗೆ ತಂದು ಕೂಡಿಸಿದೆವು. ಅಕ್ಕನ ಮಗ ಸೊಸೆ ಬುಟ್ಟಿ ಹೊತ್ತು ಬಂದರು. ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆ ಉಣ್ಣುತ್ತಿರುವಾಗ ಹೊಳೆಗೆ ನೀರು ಬಂತು. ಸದ್ದಿಲ್ಲದೆ, ನೊರೆಯ ಒಂದು ಗೆರೆಯಾಗಿ ಬಂದು, ಉಂಗುರಗಳನ್ನು ಒಂದೊಂದಾಗಿ ಮುಚ್ಚಿತು.

ನಕ್ಷೆ ಮುಗಿದಾಗ ಮೊಮ್ಮಗಳು ನನಗೆ ತೋರಿಸಿದಳು. ಮರಳಿಗೆ ಒಂದು ಬಣ್ಣ, ಗರಸಿಗೆ ಒಂದು, ಗುಂಡುಕಲ್ಲಿಗೆ ಒಂದು. ನೀರು ಎಲ್ಲಿ ಜೋರಾಗಿ ಹರಿದಿತ್ತು, ಎಲ್ಲಿ ಸುಧಾರಿಸಿಕೊಂಡಿತ್ತು ಎಂಬುದು ಬಣ್ಣದಲ್ಲಿಯೇ ಕಾಣುತ್ತಿತ್ತು. ಆಮೇಲೆ ಮೂಲ ಚಿತ್ರವನ್ನು ಹಿಗ್ಗಿಸಿದಳು. ಬಿಳಿಯ ಕಲ್ಲು, ಅದರ ನಡುವೆ ಕೆಂಪು ಚುಕ್ಕೆ.

"ಕಲ್ಲಿನ ನಡುವು ಹುಡುಕೂದ ತ್ರಾಸ ಇರತದ ಅಜ್ಜಾ. ಆಯಿ ಕುಂಕುಮಕ್ಕ ಗುರಿ ಇಟ್ಟೆ, ಕೂತಿತು." ಪಕ್ಕದಲ್ಲಿ ಹಳದಿಯ ಸಣ್ಣದೊಂದು ಚುಕ್ಕೆ. "ಕರ್ಣನ್ನ ಕಂಪ್ಯೂಟರ್ ಗುಂಡುಕಲ್ಲಿನ ಲೆಕ್ಕದಾಗ ತಗೊಂಡದ. ತಗದು ಹಾಕಲಿಲ್ಲ."

ಮುಂದಿನ ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ನಾನು ಒಬ್ಬನೇ ಮನೋಳಿಯ ಬಸ್ಸು ಹತ್ತಿದೆ. ಅಕ್ಕ ಹೊಲದಲ್ಲಿದ್ದಳು. ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು.

"ಈ ಸಲಾನೂ ಹಾರಸೂದು ಐತೇನು?"

"ಇಲ್ಲ."

"ಮತ್ತ ಸುಣ್ಣ?"

"ನಿನಗ."

ಅವಳು ಕಲ್ಲು ಆರಿಸಲು ಬಗ್ಗಿದಳು, ಸೊಂಟ ಹಿಡಿದುಕೊಂಡು ಎದ್ದಳು, ಮತ್ತೆ ಬಗ್ಗಿದಳು. ನಾನು ಕಲಸಲು ಕೂತೆ. ಸ್ವಲ್ಪ ಹೊತ್ತಿಗೆ ಬಂದು ಡಬ್ಬಿಯಲ್ಲಿ ಇಣುಕಿ, "ಇಷ್ಟು ತೆಳ್ಳಗ ಯಾರರ ಕಲಸ್ತಾರೇನು, ಮಾಸ್ತರ?" ಎಂದಳು.

"ಇರಲಿ ಅಕ್ಕಾ. ಇಳೀಲಿ" ಎಂದೆ.