ಅಕ್ಕಿ ಆರಿಸುವ ಹೊತ್ತು

ಮೊನ್ನೆ ಮಧ್ಯಾಹ್ನ ಎರಡನೆಯ ತುತ್ತಿಗೇ ಹಲ್ಲಿನಡಿ ಕಟಕ್ಕೆಂದಿತು. ಪ್ಯಾಕೆಟ್ಟಿನ ಅಕ್ಕಿ. ಮೇಲೆ ಬಂಗಾರದ ಬಣ್ಣದಲ್ಲಿ ಏನೇನೋ ಹೊಗಳಿಕೆ ಅಚ್ಚು ಹಾಕಿದ್ದರು, ಒಳಗೆ ಮಾತ್ರ ಹಳೆಯ ಕಾಲದ ಕಲ್ಲು. ಸೊಸೆ ಗಾಬರಿಯಾಗಿ, ಅಂಗಡಿಯವನಿಗೆ ಈಗಲೇ ಫೋನು ಮಾಡುತ್ತೇನೆ ಎಂದು ಎದ್ದಳು. ನಾನು ಕಲ್ಲನ್ನು ತೆಗೆದು ತಟ್ಟೆಯ ಅಂಚಿನಲ್ಲಿಟ್ಟು ನೋಡಿದೆ. ಅಕ್ಕಿಯದೇ ಬಣ್ಣ, ಅಕ್ಕಿಯದೇ ಗಾತ್ರ. ಕಣ್ಣು ತಪ್ಪಿಸುವುದು ಇಂಥವೇ. ಎಷ್ಟೋ ಕಾಲದ ಮೇಲೆ ಖಾನಾವಳಿಯ ಅಕ್ಕ ನೆನಪಾದಳು...

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ಹೊನ್ನಾವರದಲ್ಲಿದ್ದೆವು. ಭಟ್ಕಳದ ಹತ್ತಿರದ ಜಾಲಿಯಿಂದ ಮದುವೆಯಾಗಿ ಬಂದವಳು ನಾನು. ತವರಿಗೆ ಹೋಗಬೇಕೆಂದರೆ ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಭಟ್ಕಳದ ಬಸ್ಸಿಗೆ ಕಾಯಬೇಕಿತ್ತು. ಯಜಮಾನರು ಮಾಮಲೇದಾರ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ನಮ್ಮ ಹಿತ್ತಿಲಿಗೂ ಅಕ್ಕನ ಹಿತ್ತಿಲಿಗೂ ಸೇರಿ ಒಂದೇ ಬಾವಿ. ಗಂಡ ತೀರಿಕೊಂಡ ಮೇಲೆ ಆಕೆ ಮನೆಯ ಮುಂದಿನ ಪಡಸಾಲೆಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಕಚೇರಿಯವರು, ಮಾಸ್ತರರು, ಗೇರುಸೊಪ್ಪೆಯ ಕಡೆ ಸರ್ವೆಗೆ ಹೋಗಿಬರುವ ಓವರ್‌ಸಿಯರರು ಅಲ್ಲಿ ಊಟಕ್ಕೆ ಬರುತ್ತಿದ್ದರು. ವಯಸ್ಸು ಐವತ್ತರ ಆಚೀಚೆ ಇರಬೇಕು. ಮಾತು ಕಡಿಮೆ, ಗಂಟಲು ದೊಡ್ಡದು.

ನನಗೆ ಬರೆಯುವ ಚಟ. ಶಾಲೆಯ ಮುಲ್ಕಿ ಪರೀಕ್ಷೆ ಪಾಸಾಗುವ ಮೊದಲೇ ಅಂಟಿಕೊಂಡದ್ದು, ಮದುವೆಯಾದ ಮೇಲೂ ಬಿಡಲಿಲ್ಲ. ಅತ್ತೆ ಕೆಟ್ಟವರಲ್ಲ. ಆದರೆ ಸುಮ್ಮನೆ ಕೂತ ಸೊಸೆಯನ್ನು ಕಂಡರೆ ಅವರಿಗೆ ಜೀವ ತಡೆಯುತ್ತಿರಲಿಲ್ಲ. ನಾನು ಪೆನ್ನು ಹಿಡಿದೆನೆಂದರೆ ಆ ಗಳಿಗೆಯಲ್ಲೇ ಅವರಿಗೆ ಕರಿಬೇವು ಬೇಕಾಗುತ್ತಿತ್ತು, ಒಣಹಾಕಿದ ಕೊಬ್ಬರಿಯ ಮೇಲೆ ಕಾಗೆ ಕೂರುತ್ತಿತ್ತು. ಇವರಿಗೋ, ಹೆಂಡತಿ ಬರೆಯುವುದು ಗೊತ್ತಿತ್ತು, ಬೇಡ ಅನ್ನಲಿಲ್ಲ. ಬರೆ ಅಂತಲೂ ಅನ್ನಲಿಲ್ಲ. ಹೀಗಾಗಿ ನಾನು ಕತೆಗಳನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ.

ಒಂದು ದಿನ ಬಾವಿಯ ಹತ್ತಿರ ನೀರು ಸೇದುತ್ತ ಒಂದು ಸಾಲನ್ನು ಗುನುಗಿಕೊಳ್ಳುತ್ತಿದ್ದೆ. ಬಾವಿಯ ಆಚೆ ಬದಿಯಲ್ಲಿ ಅಕ್ಕ ನಿಂತಿದ್ದಳು.

‘ಯಾರ ಸಂಗ್ತಿಗೆ ಮಾತಾಡ್ತೆ ತಂಗಿ?’

‘ಯಾರಿಲ್ಲ ಅಕ್ಕ. ಒಂದು ಕತೆ. ಮರ್ತು ಹೋಗ್ತದೆ ಅಂತ ಹೇಳ್ಕೊಳ್ತಿದ್ದೆ.’

‘ಬರ್ದಿಡೂಕೆ ಎಂತ ಆಗಿದೆ?’

‘ಕೂರೂಕೆ ಜಾಗ ಇಲ್ಲ’ ಎಂದೆ. ಹೇಳುವಾಗ ಯಾಕೋ ಅಳು ಬಂತು. ಅಕ್ಕ ಕೊಡ ಎತ್ತಿಕೊಂಡು ಒಳಗೆ ಹೋದಳು. ನನಗೆ ನಾಚಿಕೆಯಾಯಿತು.

ಮರುದಿನ ಆಕೆ ನಮ್ಮ ಮನೆಗೆ ಬಂದು ಅತ್ತೆಯ ಹತ್ತಿರ ಮಾತಾಡಿದಳು. ಖಾನಾವಳಿಗೆ ಅಕ್ಕಿ ಆರಿಸಿಕೊಡುವುದು ನಮ್ಮ ಕೇರಿಯ ಹೆಂಗಸರು ಮಧ್ಯಾಹ್ನ ಮಾಡುವ ಕೆಲಸವಾಗಿತ್ತು. ಗಿರಣಿಯಿಂದ ಬಂದ ಅಕ್ಕಿಯಲ್ಲಿ ಕಲ್ಲು ಬೇಕಾದಷ್ಟು. ಆರಿಸಿಕೊಟ್ಟವರಿಗೆ ಸಂಜೆ ಒಂದು ಪಾತ್ರೆ ಹುಳಿ ಸಿಗುತ್ತಿತ್ತು. ‘ನಿಮ್ಮ ಸೊಸೆ ಕಳ್ಸಿ ಅಮ್ಮ, ಚುರುಕು ಕಾಣ್ತಾಳೆ’ ಎಂದಳು. ರಾತ್ರಿಗೆ ಮಸಾಲೆ ಅರೆಯುವುದು ತಪ್ಪಿತಲ್ಲ ಎಂದು ಅತ್ತೆ ಕೂಡಲೇ ಒಪ್ಪಿದರು.

ನಾನು ಹೋದರೆ ಅಕ್ಕ ಮೊರ ಕೊಡಲಿಲ್ಲ. ಅಕ್ಕಿ ಮೂಟೆಗಳ ಕೋಣೆಯ ಬಾಗಿಲು ತೆರೆದಳು. ಕಿಟಕಿಯ ಹತ್ತಿರ ಒಂದು ಮಣೆ, ಅದರ ಮುಂದೆ ಬೋರಲು ಹಾಕಿದ ಹಳೆಯ ಪೆಟ್ಟಿಗೆ. ‘ಕೂತ್ಕೊ. ಊಟ ಮುಗ್ದ ಮೇಲೆ ಚಾದ ಹೊತ್ತಿನವರೆಗೆ ಇಲ್ಲಿ ಯಾರೂ ಬರೂದಿಲ್ಲ’ ಎಂದು ಬಾಗಿಲು ಎಳೆದುಕೊಂಡಳು. ಮೊದಲೇ ಬರುತ್ತಿದ್ದ ಇಬ್ಬರು ಹೆಂಗಸರನ್ನು ಬೆಳಗಿನ ಪಾತ್ರೆ ಕೆಲಸಕ್ಕೆ ಹಾಕಿದ್ದಳು. ಅವರು ಕಂಡಿದ್ದರೆ ಸುದ್ದಿ ಸಂಜೆಯೊಳಗೆ ಬಂದರಿನ ತನಕ ಮುಟ್ಟುತ್ತಿತ್ತು. ಹಾಗಾದರೆ ನನ್ನ ಪಾಲಿನ ಅಕ್ಕಿ? ಅದನ್ನು ಅಕ್ಕನೇ ಬಾಗಿಲಿನ ಹೊರಗೆ ಕಾಲು ಚಾಚಿ ಕೂತು ಆರಿಸುತ್ತಿದ್ದಳು. ಬೆಳಗ್ಗೆ ಕತ್ತಲೆಗೇ ಎದ್ದು ಒಲೆ ಹಚ್ಚುವವಳು ಮಧ್ಯಾಹ್ನದ ಒಂದು ನಿದ್ದೆಯನ್ನೂ ನನಗಾಗಿ ಬಿಟ್ಟಿದ್ದಳು. ಹಿತ್ತಿಲ ಕಡೆಯಿಂದ ಯಾರಾದರೂ ನನ್ನನ್ನು ಕೇಳಿದರೆ ಒಂದೇ ಮಾತು: ‘ಈಗ ಬರೂದಿಲ್ಲ. ಅವಳಿಗೆ ಕೆಲಸ ಇದೆ.’

ಕೆಲಸ! ನನ್ನ ಬರವಣಿಗೆಯನ್ನು ಅದುವರೆಗೆ ಹುಚ್ಚು ಅಂದವರಿದ್ದರು, ಹವ್ಯಾಸ ಅಂದವರಿದ್ದರು. ಕೆಲಸ ಅಂದವಳು ಈಕೆ ಒಬ್ಬಳೇ. ಮೂಟೆಗಳ ಗೋಣಿ ವಾಸನೆಯ ನಡುವೆ ಕೂತು ಆ ಮಾತು ಕೇಳಿದಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಬರೆದದ್ದೇನೋ ಅಷ್ಟಕ್ಕಷ್ಟೇ. ನನ್ನ ಕತೆಯ ಹೆಂಗಸರೆಲ್ಲ ನಾನು ಕಾಣದ ಮುಂಬಯಿಯಲ್ಲಿ, ನಾನು ಕಾಣದ ಬಂಗಲೆಗಳಲ್ಲಿ ಪಿಯಾನೋ ಬಾರಿಸುತ್ತಿದ್ದರು. ಪತ್ರಿಕೆಯವರು ತಪ್ಪದೆ ತಿರುಗಿ ಕಳಿಸುತ್ತಿದ್ದರು.

ಹೀಗೆ ಕೆಲವು ತಿಂಗಳು ಕಳೆದಿರಬೇಕು. ಒಂದು ಸಂಜೆ ಯಜಮಾನರು ಕಚೇರಿಯಿಂದ ಬಂದು ಅಂಗಿ ಬಿಚ್ಚುತ್ತ ಹೇಳಿದರು: ‘ಖಾನಾವಳಿ ಅನ್ನದಲ್ಲಿ ಈಗ ಬರೀ ಕಲ್ಲಂತೆ. ಓವರ್‌ಸಿಯರ್ ಒಬ್ಬರ ಹಲ್ಲು ಮುರೀತಂತೆ. ಎಲ್ಲಾ ಬಸ್‌ಸ್ಟ್ಯಾಂಡಿನ ಹೊಸ ಹೋಟ್ಲಿಗೆ ಹೋಗ್ತಿದ್ದಾರೆ.’ ಆಮೇಲೆ ನನ್ನ ಮುಖ ನೋಡಿ, ‘ಅಲ್ಲಿ ಆರಿಸೂದು ನೀನೇ ಅಲ್ವಾ?’ ಎಂದರು.

ಅತ್ತೆಯ ಕೈಯ ಸೌಟು ನಿಂತುಬಿಟ್ಟಿತು. ನಮ್ಮ ಮನೆಯ ಸೊಸೆ ಆರಿಸಿದ ಅಕ್ಕಿಯಲ್ಲಿ ಕಲ್ಲು! ಅವರ ಕಾಲದಲ್ಲಿ ಸೊಸೆಯಂದಿರ ಪರೀಕ್ಷೆ ನಡೆಯುತ್ತಿದ್ದುದೇ ಮೊರದ ಮುಂದೆ. ‘ನಾಳೆ ನಾನೇ ಬಂದು ನೋಡ್ತೆ’ ಎಂದರು. ಅವರು ಬಂದು ನೋಡಿದರೆ ಮೂಟೆಯ ಕೋಣೆಯೂ ಹೋಯಿತು, ಬರವಣಿಗೆಯೂ ಹೋಯಿತು.

ಮರುದಿನ ಬೇಗನೆ ಓಡಿ ಅಕ್ಕನಿಗೆ ಎಲ್ಲ ಹೇಳಿದೆ. ಆಕೆ ಅಕ್ಕಿಯಲ್ಲಿ ಬೆರಳಾಡಿಸುತ್ತಿದ್ದಳು. ಪಕ್ಕದಲ್ಲಿ ಆರಿಸಿ ಮುಗಿಸಿದ ರಾಶಿ ಇತ್ತು. ಬಗ್ಗಿ ನೋಡಿದರೆ ಅದರಲ್ಲಿ ಬಿಳಿ ಕಲ್ಲುಗಳು ಹಾಗೇ ಇದ್ದವು. ಒಂದಲ್ಲ, ಹಿಡಿಯಷ್ಟು. ಆಕೆ ಕರಿ ಕಲ್ಲು ಮಾತ್ರ ತೆಗೆಯುತ್ತಿದ್ದಳು... ಬಿಳಿಯದು ಕಾಣುತ್ತಿರಲಿಲ್ಲ. ಆಗ ಮೊದಲ ಸಲ ಆಕೆಯ ಕಣ್ಣನ್ನು ಸರಿಯಾಗಿ ನೋಡಿದೆ. ಎರಡೂ ಕಣ್ಣಿನಲ್ಲಿ ಪೊರೆ ಬಂದಿತ್ತು.

‘ಅಕ್ಕ, ಬಿಡಿ, ನಾನೇ ಆರಿಸ್ತೆ’ ಎಂದು ಮೊರ ಎಳೆದುಕೊಳ್ಳಲು ಹೋದೆ. ‘ನೀ ಒಳಗೆ ನಡೆ’ ಎಂದಳು. ಗಂಟಲು ಎಷ್ಟು ಗಡುಸಾಗಿತ್ತೆಂದರೆ ನಾನು ಹೋಗಿ ಕೂತೆ.

ಅತ್ತೆ ಬಂದದ್ದು ಕೇಳಿಸಿತು. ‘ಎಲ್ಲಿ ನನ್ನ ಸೊಸೆ? ಹೀಗೆಯೇ ಅಕ್ಕಿ ಆರಿಸೂದು?’

‘ಕಲ್ಲು ಬಿಟ್ಟಿದ್ದು ನಾನು ಅಮ್ಮ. ಅವಳಲ್ಲ. ನಂಗೆ ಕಣ್ಣು ಕಾಣೂದಿಲ್ಲ.’

ಅಡಿಗೆಯವಳಿಗೆ ಕಣ್ಣು ಕಾಣುವುದಿಲ್ಲ ಎಂದು ಊರಿಗೆ ತಿಳಿದರೆ ಖಾನಾವಳಿ ಅಲ್ಲಿಗೆ ಮುಗಿಯಿತು. ಅದು ಆಕೆಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

‘ಮತ್ತೆ ಅವಳು ಇಷ್ಟು ದಿನ ಇಲ್ಲಿ ಎಂತ ಮಾಡ್ತಿದ್ಲು?’

‘ಅವಳಿಗೆ ಬೇರೆ ಕೆಲಸ ಇದೆ. ಬರಿಯೂದು.’

ಈಗ ಬಾಗಿಲು ತೆರೆಯುತ್ತದೆ, ನನ್ನ ಜುಟ್ಟು ಹಿಡಿಯುತ್ತಾರೆ ಎಂದು ನಾನು ಕಾದೆ. ತೆರೆಯಲಿಲ್ಲ. ಬದಲಿಗೆ ಮೊರವನ್ನು ನೆಲದ ಮೇಲೆ ಎಳೆದ ಸದ್ದು ಬಂತು. ಅತ್ತೆ ಕೂತಿದ್ದರು. ‘ಕೊಡು ಇಲ್ಲಿ. ಇಷ್ಟು ಕಲ್ಲು ಹಾಕಿ ಅನ್ನ ಮಾಡಿದ್ರೆ ನಮ್ಮ ಮನೆ ಹೆಸರೂ ಹೋಗ್ತದೆ’ ಎಂದು ಗೊಣಗುತ್ತ ಆರಿಸತೊಡಗಿದರು.

ಆಮೇಲೆ ಅತ್ತೆ ದಿನಾ ಬಂದರು. ಯಾರ ಹತ್ತಿರವೂ ಅಕ್ಕನ ಕಣ್ಣಿನ ವಿಷಯ ಎತ್ತಲಿಲ್ಲ. ನನ್ನ ಹತ್ತಿರ ಬರವಣಿಗೆಯ ವಿಷಯವನ್ನೂ ಎತ್ತಲಿಲ್ಲ. ಹೊರಗೆ ಕೂತು ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಬಾಳಂತನದಲ್ಲಿ ಸತ್ತ ಅತ್ತೆಯ ತಂಗಿ, ಹಿರೇಗುತ್ತಿಯಲ್ಲಿ ಗದ್ದೆಗೆ ಉಪ್ಪುನೀರು ನುಗ್ಗಿದ ವರ್ಷ, ಒಬ್ಬ ಗಂಡ, ಇನ್ನೊಬ್ಬ ಗಂಡ... ಆ ಗದ್ದಲದಲ್ಲಿ ಪಿಯಾನೋ ಹೇಗೆ ಬಾರಿಸುವುದು? ಕೆಲವು ದಿನ ಸಿಟ್ಟು ಬಂತು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದೆ. ಆಮೇಲೆ ಕೇಳಿದ್ದನ್ನು ಬರೆದೆ. ಮುಂದೆ ಅಚ್ಚಾದ ನನ್ನ ಮೊದಲ ಕತೆ ಆ ಬಾಗಿಲ ಸಂದಿನಿಂದ ಬಂದದ್ದು.

ಅದು ಅಚ್ಚಾಗುವ ಹೊತ್ತಿಗೆ ಖಾನಾವಳಿ ಇರಲಿಲ್ಲ. ಕಲ್ಲು ನಿಂತಿತು, ಆದರೆ ಬಿಟ್ಟುಹೋದವರಲ್ಲಿ ಹೆಚ್ಚಿನವರು ತಿರುಗಿ ಬರಲಿಲ್ಲ. ಅಕ್ಕನಿಗೂ ಉಪ್ಪಿನ ಮರಿಗೆ ಯಾವುದು, ಒಲೆಯ ಬಾಯಿ ಯಾವುದು ಎಂದು ತಡವಬೇಕಾಯಿತು. ಕುಮಟೆಯಲ್ಲಿದ್ದ ತಂಗಿಯ ಮನೆಗೆ ಹೋದಳು.

ಪತ್ರಿಕೆ ಹಿಡಿದುಕೊಂಡು ಬಸ್ಸು ಹತ್ತಿ ಹೋದೆ. ಅಕ್ಕ ಜಗಲಿಯಲ್ಲಿ ಕೂತಿದ್ದಳು. ಪುಟವನ್ನು ತೊಡೆಯ ಮೇಲೆ ಹರವಿ, ಮೊರದಲ್ಲಿ ಆಡಿಸುತ್ತಿದ್ದ ಹಾಗೆಯೇ ಬೆರಳಾಡಿಸಿದಳು. ‘ಓದು’ ಎಂದಳು. ನಾನು ಓದುತ್ತಿದ್ದಾಗ ಒಳಗಿನಿಂದ ಆಕೆಯ ತಂಗಿ, ಚಾ ಆರಿಹೋಗುತ್ತದೆ, ಆ ಹುಡುಗಿಯನ್ನು ಕಳಿಸು ಎಂದು ಕೂಗಿದಳು. ಅಕ್ಕ ತಿರುಗಲೂ ಇಲ್ಲ.

‘ಈಗ ಬರೂದಿಲ್ಲ. ಅವಳಿಗೆ ಕೆಲಸ ಇದೆ.’

ಕತೆ ಮುಗಿದ ಮೇಲೆ ‘ಆತು, ಇನ್ನೊಂದು ಬರೆ’ ಎಂದಳು. ಅಷ್ಟೇ. ಇನ್ನೊಂದು ಬರೆದು ಅಚ್ಚಾಗುವಷ್ಟರಲ್ಲಿ ಆಕೆ ತೀರಿಕೊಂಡಿದ್ದಳು. ನಾನು ತುಂಬಾ ಅತ್ತುಬಿಟ್ಟೆ. ಅತ್ತೆಯೂ ಅತ್ತರು.

ಸೊಸೆ ಅಂಗಡಿಯವನನ್ನು ಬೈದು ಮುಗಿಸಿ ಬೇರೆ ಪ್ಯಾಕೆಟ್ಟು ತರಿಸಿದಳು. ಅದರಲ್ಲಿ ಕಲ್ಲಿಲ್ಲ. ನನಗೀಗ ನನ್ನದೇ ಕೋಣೆಯಿದೆ, ಮೇಜಿದೆ, ಒಳಗಿನಿಂದ ಹಾಕಿಕೊಳ್ಳಲು ಚಿಲಕವಿದೆ. ಇದನ್ನು ಬರೆಯುತ್ತಿರುವಾಗಲೇ ಯಾರೋ ಬಾಗಿಲು ತಟ್ಟಿದರು. ಒಂದು ಗಳಿಗೆ ಸುಮ್ಮನೆ ಕಾದೆ, ಹೊರಗಿನಿಂದ ಆ ಗಂಟಲು ಉತ್ತರ ಕೊಡುತ್ತದೆಂಬಂತೆ... ಆಮೇಲೆ ನಾನೇ ಎದ್ದು ಬಾಗಿಲು ತೆರೆದೆ.