ಬಾಲರಾಜು ಅವರ ಇಳಿಯುವ ಗೆರೆ

ಟಿ. ದಾಸರಹಳ್ಳಿಯ ಬಾಲರಾಜು ಅವರ ಪಾಲಿಗೆ ಲೋಕದ ಏರಿಳಿತಗಳೆಲ್ಲ ಇರುವುದೇ ಎಕ್ಸೆಲ್‌ನಲ್ಲಿ ತುಂಬಿಸುವುದಕ್ಕೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದಾಗ ಅವರು ಒಂದು ಫಾರ್ಮುಲಾ ಕಲಿತಿದ್ದರು. ಅಂಕಿ ಕೊಟ್ಟರೆ ಅದು ಬಾಗಿದ ಗೆರೆ ಎಳೆದು ಮುಂದಾಗುವುದನ್ನು ಹೇಳುತ್ತದೆ. ಮಳೆ ನಿಂತ ಮೇಲೆ ಸೊಳ್ಳೆ ಹೆಚ್ಚುವುದಕ್ಕೂ, ಹೋಟೆಲಿನ ಚಟ್ನಿ ಬರಬರುತ್ತಾ ನೀರಾಗುವುದಕ್ಕೂ ಅವರ ಬಳಿ ಗೆರೆಯಿದೆ. “ಸಾರ್, ನನ್ ಕೂದಲು ಯಾವಾಗ ಪೂರ್ತಿ ಖಾಲಿ ಆಗುತ್ತೆ, ಒಸಿ ನೋಡಿ ಹೇಳಿ,” ಎಂದು ಟೀ ಅಂಗಡಿಯ ಮುನೇಶ್ ಕೆಣಕಿದರೆ, “ಅರ್ಧ ಆಗುತ್ತೆ, ಆಮೇಲೆ ಅದರರ್ಧ. ಪೂರ್ತಿ ಖಾಲಿ ಅನ್ನೋದೇ ಇಲ್ಲ ಕಣೋ,” ಎಂದು ಗಂಭೀರವಾಗಿ ಸಮಾಧಾನ ಹೇಳುತ್ತಾರೆ. ಅವರು ಯಾರಿಗೂ ತೋರಿಸದ ಗೆರೆ ಹೆಂಡತಿ ವೆಂಕಟಲಕ್ಷ್ಮಮ್ಮನದು. ಮೆದುಳಿನ ಕಾಯಿಲೆಯಿಂದ ಆಕೆಯ ಮಾತು ಕಮ್ಮಿಯಾಗುತ್ತಿದೆ. ದಿನಕ್ಕೆ ಎಷ್ಟು ಮಾತು ಆಡಿದಳೆಂದು ಎಣಿಸಿ ಬಾಲರಾಜು ಪ್ರತಿ ಸಂಜೆ ತುಂಬಿಸುತ್ತಾರೆ. ಗೆರೆ ಎಷ್ಟೇ ಇಳಿದರೂ ನೆಲ ಮುಟ್ಟುವುದಿಲ್ಲ ಎಂಬುದೊಂದೇ ಅವರಿಗಿದ್ದ ಧೈರ್ಯ. ಮೊನ್ನೆ ಆಕೆ ಬೆಳಗಿನಿಂದ ಸಂಜೆಯವರೆಗೆ ತುಟಿ ಬಿಚ್ಚಲಿಲ್ಲ. ಬಾಲರಾಜು ಸೊನ್ನೆ ಹಾಕಿದರು. ಆ ಫಾರ್ಮುಲಾ ಸೊನ್ನೆಯನ್ನು ಒಪ್ಪುವುದಿಲ್ಲ. ಗೆರೆಯೇ ಮಾಯವಾಗಿ ಎರರ್ ಬಂತು. ಸೊನ್ನೆ ಅಳಿಸಿದರು, ಆದರೆ ಒಂದು ಎಂದು ಸುಳ್ಳು ಹಾಕಲು ಕೈ ಬರಲಿಲ್ಲ. ಕಾಫಿ ತಂದು ಆಕೆಯ ಕೈಗಿತ್ತು ಎದುರಿಗೆ ಕುಳಿತರು. “ಒಂದೇ ಒಂದು ಮಾತಾಡೇ, ಲಕ್ಷ್ಮೀ. ಬೈದ್ರೂ ಸರಿ.” ಆಕೆ ಕಾಫಿಯನ್ನು ಊದಿ ಊದಿ ಆರಿಸಿ, ಲೋಟವನ್ನು ಅವರ ಕೈಗೇ ಕೊಟ್ಟಳು.